ಶರಣರ ವಿಡಂಬನೆ ಮತ್ತು ಅರಿವಿನ ಬೆಳಗು





ಕೆಲವು ವರ್ಷಗಳ ಹಿಂದಿನ ಶ್ರಾವಣಮಾಸದಲ್ಲಿ ಅಂಬ್ಲಿಗೊಳದ ಕಡೆಯ ಒಂದು ಹಳ್ಳಿಯಲ್ಲಿ ವಚನಚಿಂತನೆ ನಡೆಸುವ ಸೇವೆ ನನ್ನ ಪಾಲಿಗೆ ಬಂದಿತ್ತು. ಅಂದು ಬಾಹ್ಯಪೂಜೆಯ ಡಂಭವನ್ನು ಕುರಿತು ಶರಣರು ಆಡಿದ ಕಟುನುಡಿಗಳನ್ನು ಒಂದಾದ ಮೇಲೊಂದರಂತೆ ಹೇಳಿದೆನು. ಸಭೆ ನಕ್ಕಿತು. ನನಗೂ ಹಿಗ್ಗಾಯಿತು. ಮಂಗಲವಾದ ಮೇಲೆ ಹಿರಿಯ ರೈತರೊಬ್ಬರು ಹತ್ತಿರ ಬಂದು, "ಮೇಷ್ಟ್ರೇ, ಜಲಾಶಯ ತುಂಬಿತು ಅಂತ ಮೊನ್ನೆ ನಮ್ಮ ಮನೆಯವಳು ಗಂಗಮ್ಮನಿಗೆ ಬಾಗಿನ ಬಿಟ್ಟು ಬಂದಿದ್ದಳು. ಇವತ್ತು ಎಲ್ಲರೂ ನಗುವಾಗ ತಲೆ ತಗ್ಗಿಸಿ ಕೂತಿದ್ದಳು. ಬಸವಣ್ಣನವರೂ ಹೀಗೇ ನಗಿಸ್ತಿದ್ರಾ?" ಎಂದು ಕೇಳಿದರು. ಆ ಹೊತ್ತಿನಲ್ಲಿ ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ಹುಡುಕುವ ಪ್ರಯತ್ನವೇ ಈ ಲೇಖನ.

ದೋಷವನ್ನು ನಗೆಯ ಮೂಲಕ ಬಯಲಿಗೆ ತರುವ ಮಾತಿನ ಬಗೆಗೆ ಸಾಹಿತ್ಯದಲ್ಲಿ ವಿಡಂಬನೆಯೆಂದು ಹೆಸರು. ಇಂಗ್ಲಿಷಿನ ಪ್ರಸಿದ್ಧ ವಿಡಂಬನಕಾರ ಜೊನಾಥನ್ ಸ್ವಿಫ್ಟ್ 1704ರಲ್ಲಿ ಪ್ರಕಟವಾದ ತನ್ನ ಕೃತಿಯೊಂದರ ಮುನ್ನುಡಿಯಲ್ಲಿ ಇದನ್ನು ಕನ್ನಡಿಗೆ ಹೋಲಿಸಿದ್ದಾನೆ. ಆದರೆ ಅದು ವಿಚಿತ್ರವಾದ ಕನ್ನಡಿ. ನೋಡುವವನಿಗೆ ಅದರಲ್ಲಿ ಎಲ್ಲರ ಮುಖಗಳೂ ಕಾಣುತ್ತವೆ, ತನ್ನದೊಂದು ಮಾತ್ರ ಕಾಣದು ಎಂಬುದು ಅವನ ಅಭಿಪ್ರಾಯ. ಇನ್ನು ಸಾಮಾನ್ಯವಾದ ಒಂದು ವಸ್ತು ಅಥವಾ ಘಟನೆಯಲ್ಲಿ ಸತ್ಯವು ತಟ್ಟನೆ ಹೊಳೆಯುವ ಗಳಿಗೆಯನ್ನು ಐರ್ಲೆಂಡಿನ ಕಾದಂಬರಿಕಾರ ಜೇಮ್ಸ್ ಜಾಯ್ಸ್ 'ಎಪಿಫನಿ' ಎಂದು ಕರೆದನು. ಇದು ಕ್ರೈಸ್ತರ ಹಬ್ಬವೊಂದರ ಹೆಸರು. ನಮ್ಮ ಶರಣರು ಅಂತಹ ಗಳಿಗೆಯನ್ನು ಅರಿವು, ಬೆಳಗು ಎಂದರು. ವಿಡಂಬನೆ ಮತ್ತು ಅರಿವು ಬೇರೆ ಬೇರೆ ದಾರಿಗಳೆಂದು ಮೇಲುನೋಟಕ್ಕೆ ತೋರುತ್ತದೆ. ವಚನಪರಂಪರೆಯಲ್ಲಾದರೋ ಮೊದಲನೆಯದು ಎರಡನೆಯದರ ಬಾಗಿಲು. ಇದಕ್ಕೆ ಸಾಕ್ಷಿಯನ್ನು ದೂರದಲ್ಲಿ ಅರಸಬೇಕಾಗಿಲ್ಲ. ನಮ್ಮ ಸೀಮೆಯ ನೆಲದಲ್ಲಿಯೇ ಅದು ದೊರೆಯುತ್ತದೆ.

ಶಿರಾಳಕೊಪ್ಪದ ಬಳಿಯ ಬಳ್ಳಿಗಾವೆಯು ಬನವಾಸಿ ಹನ್ನೆರಡು ಸಾಸಿರದ ರಾಜಧಾನಿಯಾಗಿದ್ದ ಪಟ್ಟಣ. ಅಲ್ಲಿನ ಕೋಡಿಯಮಠವು ಕಾಳಾಮುಖ ಗುರುಗಳ ಹೆಸರಾಂತ ವಿದ್ಯಾಸ್ಥಾನವಾಗಿತ್ತು. ಬಿಜ್ಜಳನ ಕಾಲದ 1162ರ ಶಾಸನವು ಈ ಮಠವನ್ನು ವರ್ಣಿಸಿದೆ. ನಾಲ್ಕು ವೇದಗಳು, ಅನೇಕ ವ್ಯಾಕರಣಗಳು, ಷಡ್ದರ್ಶನಗಳು, ಲಾಕುಳಸಿದ್ಧಾಂತ, ಪತಂಜಲಿಯ ಯೋಗ, ಪುರಾಣ, ಕಾವ್ಯ, ನಾಟಕ ಇವೆಲ್ಲವುಗಳ ವ್ಯಾಸಂಗ ಅಲ್ಲಿ ನಡೆಯುತ್ತಿತ್ತು. ದೀನರಿಗೂ ಅಂಗವಿಕಲರಿಗೂ ಗಾಯಕ ವಾದಕರಿಗೂ ನಾನಾ ಮತಗಳ ಸನ್ಯಾಸಿಗಳಿಗೂ ಅನ್ನ, ರೋಗಿಗಳಿಗೆ ಔಷಧ ದೊರೆಯುತ್ತಿದ್ದವು. ಈ ಪಟ್ಟಣವೇ ಅಲ್ಲಮಪ್ರಭುದೇವರ ಜನ್ಮಸ್ಥಳ. ವೇದಶಾಸ್ತ್ರಗಳ ಓದನ್ನು ಪೇಟೆಯ ಹರಟೆಗೆ ಸಮಾನವೆಂದು ಪ್ರಭುದೇವರು ಹೇಳಿದಾಗ ಅದು ಓದನ್ನು ಕಾಣದವರ ತಿರಸ್ಕಾರವಾಗಿರಲಿಲ್ಲ. ವಿದ್ಯೆಯು ಬೀದಿಬೀದಿಯಲ್ಲಿ ತುಂಬಿದ್ದ ಊರಿನವರ ಮಾತಾಗಿತ್ತು. ತಾನು ಬಲ್ಲುದನ್ನು ಕುರಿತ ವಿಡಂಬನೆಗೆ ಇರುವ ತೂಕ ಅರಿಯದುದನ್ನು ಕುರಿತ ಅಣಕಕ್ಕೆ ಇರುವುದಿಲ್ಲ.

ಪ್ರಭುದೇವರಿಗೆ ಅರಿವು ಉದಿಸಿದ ಕಥೆಯನ್ನು ಹರಿಹರ ಮಹಾಕವಿಯು 'ಪ್ರಭುದೇವರ ರಗಳೆ'ಯಲ್ಲಿ ಹೇಳಿದ್ದಾನೆ. ಅಲ್ಲಮರು ಅಲ್ಲಿ ಮದ್ದಳೆ ನುಡಿಸುವ ತರುಣ. ಪ್ರೀತಿಸಿದ ಕಮಲತೆಯು ಜ್ವರದಿಂದ ತೀರಿಕೊಳ್ಳುತ್ತಾಳೆ. ದುಃಖದಿಂದ ಅಲೆಯುತ್ತ ಊರಾಚೆಯ ತೋಪಿನಲ್ಲಿ ಕುಳಿತು ಕಾಲಿನ ಉಗುರಿನಿಂದ ಸುಮ್ಮನೆ ನೆಲ ಕೆರೆಯುತ್ತಿರುವಾಗ ಹೊನ್ನಿನ ಕಳಸವೊಂದು ಕಾಣಿಸುತ್ತದೆ. ಅಗೆಸಿದರೆ ಕೆಳಗೆ ಹೂತುಹೋದ ದೇಗುಲ! ಕದವನ್ನು ಒದ್ದು ಒಳಹೊಕ್ಕರೆ ಅಂಗೈಯ ಲಿಂಗದಲ್ಲಿ ದೃಷ್ಟಿ ನೆಟ್ಟು ಕುಳಿತ ಅನಿಮಿಷಯ್ಯ. ಆ ಲಿಂಗವು ಅಲ್ಲಮರ ಕೈಗೆ ಬಂದೊಡನೆ ಗುರುವಿನ ಪ್ರಾಣ ಬಯಲಾಗುತ್ತದೆ.

15ನೆಯ ಶತಮಾನದ ಚಾಮರಸ ಕವಿಯು 'ಪ್ರಭುಲಿಂಗಲೀಲೆ'ಯಲ್ಲಿ ಈ ಕಥೆಯನ್ನು ಬೇರೆ ರೀತಿಯಲ್ಲಿ ನಿರೂಪಿಸಿದ್ದಾನೆ. ಅಲ್ಲಿ ಪ್ರಭುದೇವರು ಮೊದಲಿನಿಂದಲೂ ನಿತ್ಯಮುಕ್ತರು. ಮಾಯೆಗೆ ಎಂದೂ ಸಿಲುಕದವರು. ತತ್ತ್ವದೃಷ್ಟಿಯಿಂದ ಚಾಮರಸನ ಚಿತ್ರಣ ಭವ್ಯವಾದುದೇ ಸರಿ. ಆದರೆ ನಮ್ಮಂತಹ ಸಾಧಕರಿಗೆ ಹರಿಹರನ ಕಥೆಯಲ್ಲಿ ಒಂದು ಆಸರೆಯಿದೆ. ಮುಂದೆ ಎಲ್ಲರ ಭ್ರಮೆಗಳನ್ನೂ ಕೆದಕಿದವರು ಮೊದಲು ಕೆದಕಿದ್ದು ತಾವು ಕುಳಿತ ನೆಲವನ್ನು. ಮೊದಲು ಮುರಿದುಬಿದ್ದದ್ದು ಅವರದೇ ಮೋಹ. ಆ ನೋವನ್ನು ಉಂಡವರ ಬಾಯಿಂದ ಬಂದುದರಿಂದಲೇ ಅವರ ಕಟುನುಡಿಯಲ್ಲಿ ಕರುಣೆ ಇದೆ.

ಈ ಕರುಣೆಯನ್ನು ಕಾಣಬೇಕಾದರೆ 'ಶೂನ್ಯಸಂಪಾದನೆ'ಯ ಸಿದ್ಧರಾಮರ ಪ್ರಸಂಗವನ್ನು ನೋಡಬೇಕು. ಸೊನ್ನಲಿಗೆಯಲ್ಲಿ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸುತ್ತಿದ್ದಾರೆ, ದೇಗುಲಗಳನ್ನು ಎತ್ತಿಸುತ್ತಿದ್ದಾರೆ. ಅಲ್ಲಿಗೆ ಬಂದ ಪ್ರಭುದೇವರು ಅವರನ್ನು 'ಒಡ್ಡರಾಮ'ನೆಂದು ಹಂಗಿಸುತ್ತಾರೆ. ಮಣ್ಣು ಅಗೆಯುವವನಿಗೆ ಮನಸ್ಸನ್ನು ಅಗೆಯಲು ಬಿಡುವಿಲ್ಲವೆಂಬುದು ಆ ಮಾತಿನ ಮೊನೆ. ಗುರುನಿಂದೆಯನ್ನು ಸಹಿಸದ ಕೆಲಸಗಾರರು ಕಲ್ಲೆಸೆಯುತ್ತಾರೆ. ಕಲ್ಲುಗಳು ಪ್ರಭುದೇವರಿಗೆ ತಾಗುವುದಿಲ್ಲ. ಸಿದ್ಧರಾಮರೇ ಕೆರಳಿ ಬರುತ್ತಾರೆ. ಅವರ ಕೋಪಾಗ್ನಿಯೂ ಪ್ರಭುದೇವರನ್ನು ಸುಡಲಾರದೆ ಹೋಗುತ್ತದೆ. ಆಗ ಸಿದ್ಧರಾಮರಿಗೆ ತಮ್ಮ ಸ್ಥಿತಿ ಕಾಣುತ್ತದೆ. ಲೋಕಹಿತಕ್ಕಾಗಿ ಕೆರೆ ಕಟ್ಟಿಸುತ್ತಿದ್ದ ತಮ್ಮೊಳಗೆ 'ನಾನು ಮಾಡಿದೆ'ನೆಂಬ ಕಿಚ್ಚು ಇನ್ನೂ ಉಳಿದಿತ್ತಲ್ಲ! ಅದೇ ಅವರಿಗೆ ಬೆಳಗಾದ ಗಳಿಗೆ. ಮುಂದೆ ಅವರು ಪ್ರಭುದೇವರೊಡನೆ ಕಲ್ಯಾಣಕ್ಕೆ ತೆರಳಿ ಚೆನ್ನಬಸವಣ್ಣನವರಿಂದ ಇಷ್ಟಲಿಂಗದೀಕ್ಷೆ ಪಡೆದರು.

ಕೆರೆಕಟ್ಟೆಗಳನ್ನು ನಂಬಿ ಬದುಕುವ ನಮ್ಮ ಸೀಮೆಯ ಭಕ್ತರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಪ್ರಭುದೇವರು ಕೆರೆಯನ್ನು ಹಳಿಯಲಿಲ್ಲ. ಕೆರೆ ಕಟ್ಟಿಸಿದವರ ಅಹಂಕಾರವನ್ನು ಚುಚ್ಚಿದರು. ಸೊಲ್ಲಾಪುರದಲ್ಲಿ ಸಿದ್ಧೇಶ್ವರರ ಕೆರೆ ಇಂದಿಗೂ ಇದೆ. ಮತ್ತೊಂದು ಅಂಶ: ಹಂಗಿಸಿದವರು ಹಂಗಿಸಿ ಹೊರಟುಹೋಗಲಿಲ್ಲ. ಕಲ್ಲೇಟಿನ ಎದುರಿಗೂ ಬೆಂಕಿಯ ಎದುರಿಗೂ ನಿಂತರು. ಹಂಗಿಸಿಕೊಂಡವರನ್ನು ಜೊತೆಗೆ ಕರೆದೊಯ್ದರು.

ವಿಡಂಬಿಸುವವರೂ ವಿಡಂಬನೆಗೆ ಹೊರತಲ್ಲ ಎಂಬುದು ಶರಣರ ನೀತಿ. ಮಾತನ್ನು ಮೀರಿದ ನಿಲುವನ್ನು ಕುರಿತು ಇಷ್ಟೊಂದು ಮಾತೇಕೆ ಎಂಬ ಅರ್ಥದಲ್ಲಿ ಮುಕ್ತಾಯಕ್ಕನವರು ಪ್ರಭುದೇವರನ್ನೇ ಪ್ರಶ್ನಿಸಿದರು. ಅಂಬಿಗರ ಚೌಡಯ್ಯನವರ ನುಡಿ ಎಲ್ಲರಿಗಿಂತ ಕಟುವಾದುದು. ಆದರೆ ಅವರು ದೇವರ ಹೆಸರಿನ ಮರೆಯಲ್ಲಿ ನಿಲ್ಲದೆ ತಮ್ಮ ಹೆಸರನ್ನೇ ಅಂಕಿತವಾಗಿಟ್ಟು ಆಡಿದ ಮಾತಿಗೆ ತಾವೇ ಹೊಣೆಯಾದರು. ನಮ್ಮ ತಾಲ್ಲೂಕಿನ ಹಿರೇಜಂಬೂರಿನ ಸತ್ಯಕ್ಕನವರು ಲಂಚ ವಂಚನೆಗಳನ್ನು ಖಂಡಿಸುವಾಗ ಲೋಕದತ್ತ ಬೆರಳು ತೋರಲಿಲ್ಲ. ದಾರಿಯಲ್ಲಿ ಹೊನ್ನು ಬಿದ್ದಿದ್ದರೂ ತಾವು ಮುಟ್ಟುವುದಿಲ್ಲವೆಂದು ತಮಗೇ ವಿಧಿಸಿಕೊಂಡರು. ಇನ್ನು ಬಸವಣ್ಣನವರು! ಕಲ್ಲಿನ ಹಾವಿಗೆ ಹಾಲೆರೆದು ಜೀವಂತ ಹಾವನ್ನು ಹೊಡೆಯಹೋಗುವ ಜನರನ್ನು ಅವರು ವಿಡಂಬಿಸಿದ್ದು ನಿಜ. ಆದರೆ ಅವರ ವಚನಗಳನ್ನು ಇಡಿಯಾಗಿ ಓದಿದವರಿಗೆ ಒಂದು ಮಾತು ಹೊಳೆಯದೆ ಇರದು: ಅವರು ತಮ್ಮ ಚಂಚಲ ಮನಸ್ಸನ್ನೂ ತಮ್ಮ ಭಕ್ತಿಯ ಕೊರತೆಯನ್ನೂ ಹಳಿದುಕೊಂಡಷ್ಟು ಬೇರೆ ಯಾರನ್ನೂ ಹಳಿದಿಲ್ಲ. ಸ್ವಿಫ್ಟ್ ಹೇಳಿದ ಕನ್ನಡಿಯಲ್ಲಿ ಕಾಣದೆ ಉಳಿಯುವ ಆ ಒಂದು ಮುಖವನ್ನು ಬಸವಣ್ಣನವರು ಮೊದಲು ನೋಡಿಕೊಂಡರು.

ಈಗ ಆ ಹಿರಿಯರ ಪ್ರಶ್ನೆಗೆ ಉತ್ತರ ಹೇಳಬಲ್ಲೆ. ಇಲ್ಲ, ಬಸವಣ್ಣನವರು ಹೀಗೆ ನಗಿಸುತ್ತಿರಲಿಲ್ಲ. ಬಾಗಿನ ಬಿಟ್ಟ ಆ ತಾಯಿ ತನ್ನ ಗದ್ದೆಗೆ ನೀರು ಕೊಟ್ಟ ಗಂಗೆಗೆ ಕೃತಜ್ಞತೆ ಸಲ್ಲಿಸಿದ್ದಳು. ಆ ಭಾವದಲ್ಲಿ ಡಂಭದ ಸುಳಿವೂ ಇರಲಿಲ್ಲ. ಡಂಭವಿದ್ದುದು ವೇದಿಕೆಯ ಮೇಲೆ, ಸಭೆಯ ನಗೆಗೆ ಹಿಗ್ಗಿದ ನನ್ನಲ್ಲಿ. ಇಷ್ಟಲಿಂಗನಿಷ್ಠೆಯ ತತ್ತ್ವವನ್ನು ಸಡಿಲಿಸಬೇಕೆಂದು ನಾನು ಹೇಳುತ್ತಿಲ್ಲ; ಅದನ್ನು ಆ ತಾಯಿಯ ಪಕ್ಕದಲ್ಲಿ ಕುಳಿತು ತಿಳಿಸಬೇಕಾಗಿತ್ತು. ವಚನಗಳು ಇಂದು ಎಲ್ಲರ ಕೈಯಲ್ಲಿವೆ. ಅವುಗಳ ಕಟುನುಡಿಯನ್ನು ಆಯ್ದು ಎದುರಾಳಿಯತ್ತ ಎಸೆಯುವುದು ಬಹು ಸುಲಭವಾಗಿದೆ. ಹಾಗೆ ಎಸೆಯುವ ಮುನ್ನ ಆ ನುಡಿಯನ್ನು ಒಮ್ಮೆ ನಮ್ಮ ಮೇಲೆಯೇ ಪ್ರಯೋಗಿಸಿಕೊಂಡು ನೋಡೋಣ.

ಮುಂದಿನ ಶ್ರಾವಣದಲ್ಲಿ ಅದೇ ಹಳ್ಳಿಗೆ ಮತ್ತೆ ಹೋದೆನು. ಚಿಂತನೆಯನ್ನು ಆರಂಭಿಸುವ ಮೊದಲು ಹಿಂದಿನ ವರ್ಷದ ನನ್ನ ತಪ್ಪನ್ನು ಸಭೆಯ ಮುಂದೆ ಒಪ್ಪಿಕೊಂಡೆನು. ಆ ದಿನ ಯಾರೂ ನಗಲಿಲ್ಲ. ಪ್ರಸಾದದ ಹೊತ್ತಿನಲ್ಲಿ ಆ ತಾಯಿಯೇ ಬಂದು ನನ್ನ ಎಲೆಗೆ ಅನ್ನ ಬಡಿಸಿದಳು.