ಮಳೆ ಹೋಯ್ತು, ಅಂಗಳ ಅಡಿಕೆಗೆ ರೆಡಿಯಾ?

ಪುತ್ತೂರು: ಪುತ್ತೂರು, ಸುಳ್ಯ, ಕಡಬದಲ್ಲಿ ಚಳಿಗಾಲ ಅಂದ್ರೆ ಅಂಗಳದಲ್ಲಿ ಅಡಿಕೆ ಒಣಗುವ ಕಾಲ. ಹಣ್ಣಡಿಕೆ ಚಾಲಿ ಆಗಲು ಸುಮಾರು 40 ದಿನದ ಬಿಸಿಲು ಬೇಕು.

ಮಣ್ಣಿನ ಅಂಗಳವಾದರೆ ಹುಲ್ಲು ಕೆತ್ತಿ, ಮಟ್ಟ ಮಾಡಿ, ಸೆಗಣಿ ಸಾರಿಸಿದರೆ ಆಯ್ತು. ಕಿರಿಕಿರಿ ಇರೋದು ಇಂಟರ್‌ಲಾಕಿನದ್ದು. ಪಾಚಿಯನ್ನು ನೀರು ಹಾಕಿ ಗಟ್ಟಿ ಬ್ರಷ್‌ನಲ್ಲಿ ಉಜ್ಜಿ. ಹೋಗದಿದ್ದಲ್ಲಿ ಮಾತ್ರ ಬ್ಲೀಚಿಂಗ್ ಪೌಡರ್ ಹಾಕಿ. ಅದಕ್ಕೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಲೇಬೇಡಿ, ಏಳುವ ಕ್ಲೋರಿನ್ ಗ್ಯಾಸ್ ಪ್ರಾಣಕ್ಕೇ ಅಪಾಯ. ಅಂಗಡಿ ಎದುರು ತೊಳೆಯುವವರಿಗೂ ಇದೇ ಮಾತು. ಚೆನ್ನಾಗಿ ನೀರು ಹೊಯ್ದು ತೊಳೆದು, ಪೂರ್ತಿ ಒಣಗಿದ ಮೇಲೆಯೇ ಅಡಿಕೆ ಹರಡಿ.

ಕುಸಿದ ಕಲ್ಲು ಎಬ್ಬಿಸಿ, ಅಡಿಗೆ ಜಲ್ಲಿ ಹುಡಿ ತುಂಬಿ. ನೀರು ನಿಲ್ಲುವ ಜಾಗದಲ್ಲಿ ಅಡಿಕೆಗೆ ಫಂಗಸ್ ಬಂದರೆ ರೇಟ್ ಇಳೀತದೆ. ಸೋಲಾರ್ ಗೂಡು ಇಲ್ಲದವರು ಸಂಜೆ ಇಬ್ಬನಿ ಬೀಳುವ ಮೊದಲೇ ಟಾರ್ಪಾಲ್ ಮುಚ್ಚಿಡಿ.