ಹಬ್ಬದ ಒಲೆ: ಕರ್ನಾಟಕದ ಅಡುಗೆಮನೆಯ ಬೆಂಕಿಯ ಚರಿತ್ರೆ

ಕರ್ನಾಟಕದ ಬಹುಪಾಲು ಮನೆಗಳಲ್ಲಿ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಅಡುಗೆಯ ಬೆಂಕಿ ಇದ್ದದ್ದು ನೆಲದ ಮಟ್ಟದಲ್ಲಿ. ಮಣ್ಣಿನ ಒಲೆ, ಅದರ ಉರಿಯನ್ನೇ ಪಕ್ಕಕ್ಕೆ ಹಾಯಿಸಿಕೊಳ್ಳುವ ಕೋಡೊಲೆ, ಹೊಗೆ ಹೋಗಲು ಮಾಡಿನಲ್ಲಿ ಬಿಟ್ಟ ಕಿಂಡಿ, ಸೌದೆ ಒಣಗಿಸುವ ಅಟ್ಟ ಇವಿಷ್ಟು ನಿತ್ಯದ ಅಡುಗೆಗೆ ಸಾಕಾಗುತ್ತಿದ್ದವು. ಹಬ್ಬ ಬಂತೆಂದರೆ ತವರಿಗೆ ಬಂದ ಹೆಣ್ಣುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಅದೇ ಕೋಣೆಯಲ್ಲಿ ಸೇರುತ್ತಿದ್ದರು. ಅಲ್ಲಿ ಜಾಗ ಸಾಲದಾದಾಗ ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ ಎಣ್ಣೆಯ ಬಾಣಲೆ ಏರಿಸಲಾಗುತ್ತಿತ್ತು. ಆ ಬಳಿಕ ಬಂದ ಪ್ರತಿಯೊಂದು ಇಂಧನವೂ ಒಂದು ಅಪಾಯವನ್ನು ಕಳೆದು ಇನ್ನೊಂದನ್ನು ತಂದಿತೆಂಬುದು ಈ ಹಬ್ಬದ ಒಲೆಯ ಸುತ್ತಲೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಸ್ನಾನ ಮಾಡಿ, ಬೇರೆಯವರು ಮುಟ್ಟದ ಬಟ್ಟೆಯುಟ್ಟು ಅಡುಗೆ ಮಾಡುವ ಮಡಿಯ ಪದ್ಧತಿಯಿದ್ದ ಮನೆಗಳಲ್ಲಿ ಮಕ್ಕಳು ಒಲೆಯ ಹತ್ತಿರ ಸುಳಿಯುವಂತಿರಲಿಲ್ಲ. ಮಡಿಯ ಉದ್ದೇಶ ಶುದ್ಧಿಯೇ ಹೊರತು ಸುರಕ್ಷತೆಯಲ್ಲ, ಅದು ಜಾತಿಯ ಗೆರೆಗಳನ್ನೂ ಕಾಯುತ್ತಿತ್ತು. ಆದುದರಿಂದ ಅದರಲ್ಲಿ ವಿಜ್ಞಾನವನ್ನು ಹುಡುಕುವವರ ಮಾತನ್ನು ಒಪ್ಪುವುದು ಕಷ್ಟ. ಆದರೂ ಪರಿಣಾಮವನ್ನು ಅಲ್ಲಗಳೆಯಲಾಗದು. ಅಯ್ಯಂಗಾರರ ಮನೆಗಳಲ್ಲಿ ಕೃಷ್ಣಜಯಂತಿಗೆ ಕರಿಯುವ ಉಪ್ಪು ಸೀಡೆ, ಅಂದರೆ ಅಕ್ಕಿಹಿಟ್ಟಿನ ಸಣ್ಣ ಉಂಡೆ, ಒಳಗೆ ಸಿಕ್ಕಿಕೊಂಡ ತೇವ ಹಬೆಯಾದಾಗ ಎಣ್ಣೆಯಲ್ಲೇ ಸಿಡಿಯುತ್ತದೆ. ಹಿಟ್ಟನ್ನು ಜರಡಿ ಹಿಡಿಯುವುದು, ಉಂಡೆಯನ್ನು ಬಿಗಿಯಾಗಿ ಕಟ್ಟದಿರುವುದು ಮುಂತಾದ ಎಚ್ಚರಗಳೆಲ್ಲ ಅಜ್ಜಿಯರಿಂದ ಸೊಸೆಯರಿಗೆ ಬಾಯಿಮಾತಿನಲ್ಲೇ ದಾಟಿದವು. ಮಡಿಗೆ ಉಡುತ್ತಿದ್ದ ರೇಷ್ಮೆ ಮತ್ತು ಉಣ್ಣೆಯ ಧಾಬಳಿ ಹತ್ತಿಯಷ್ಟು ಬೇಗ ಹೊತ್ತಿಕೊಳ್ಳುವುದಿಲ್ಲವೆಂಬುದು ಯಾರೂ ಲೆಕ್ಕ ಹಾಕಿರದ ಲಾಭ.

ಸ್ವೀಡನ್ನಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ 1892ರ ಸುಮಾರಿಗೆ ರೂಪಿಸಿದ, ಗಾಳಿ ಒತ್ತಿ ಸೀಮೆಎಣ್ಣೆಯನ್ನು ಆವಿಯಾಗಿಸಿ ಉರಿಸುವ ಪಂಪ್ ಸ್ಟೌವು ಮುಂದೆ ಭಾರತದ ಪಟ್ಟಣಗಳಿಗೂ ಬಂದು ಹೊಗೆಯನ್ನು ಕಡಿಮೆ ಮಾಡಿತು. ಆದರೆ ಒತ್ತಡದಲ್ಲಿರುವ ಇಂಧನವನ್ನು ಅದು ಸೆರಗಿನ ಪಕ್ಕದಲ್ಲೇ ತಂದಿರಿಸಿತು. ನೈಲಾನ್ ಸೀರೆಗಳು ಬಂದ ಮೇಲೆ ಬಟ್ಟೆ ಕರಗಿ ಮೈಗೆ ಅಂಟಿಕೊಳ್ಳುವ ಭಯವೂ ಸೇರಿತು. ‘ಸ್ಟೌವ್ ಸಿಡಿದು ಸಾವು’ ಎಂಬ ಪತ್ರಿಕೆಯ ಸಾಲುಗಳನ್ನೆಲ್ಲ ಅಪಘಾತಗಳ ಪಟ್ಟಿಗೆ ಸೇರಿಸುವ ಚರಿತ್ರಕಾರ ಮೋಸಹೋಗುತ್ತಾನೆ. ವರದಕ್ಷಿಣೆಯ ಕೊಲೆಗಳೂ ಆ ಹೆಸರಿನಲ್ಲಿ ಮುಚ್ಚಿಹೋಗುತ್ತಿದ್ದವೆಂಬುದನ್ನು ಬೆಂಗಳೂರಿನ ‘ವಿಮೋಚನಾ’ದಂತಹ ಮಹಿಳಾ ಸಂಘಟನೆಗಳು ಎತ್ತಿ ತೋರಿಸಿದವು; 1986ರಲ್ಲಿ ವರದಕ್ಷಿಣೆ ಸಾವು ದಂಡಸಂಹಿತೆಯಲ್ಲಿ ಪ್ರತ್ಯೇಕ ಅಪರಾಧವಾಗಿ ಸೇರಿತು.

1959ರ ನಂತರ ಭಾರತದಲ್ಲೇ ತಯಾರಾದ ಪ್ರೆಶರ್ ಕುಕ್ಕರುಗಳು ಮನೆಗಳಿಗೆ ಬರತೊಡಗಿದವು. ಮುಚ್ಚಿದ ಪಾತ್ರೆಯಲ್ಲಿ ಹಬೆ ಒತ್ತಡಕ್ಕೊಳಗಾದಾಗ ನೀರು ಸುಮಾರು 120 ಡಿಗ್ರಿಯವರೆಗೂ ಕಾಯುವುದರಿಂದ ಬೇಳೆ ಬೇಗ ಬೇಯುತ್ತದೆ. ಒತ್ತಡ ಮಿತಿಮೀರಿದರೆ ಹಬೆಯನ್ನು ಹೊರಬಿಡುವುದು ಸುರಕ್ಷಾ ಕವಾಟದ ಕೆಲಸ. ಆದರೆ ಯುಗಾದಿಯ ಹೋಳಿಗೆಗೆಂದು ಕುಕ್ಕರಿನಲ್ಲಿ ಬೇಳೆಯನ್ನು ತುಂಬಿಸಿಟ್ಟರೆ ನೊರೆ ಉಕ್ಕಿ ಹಬೆಯ ದಾರಿ ಕಟ್ಟಿಕೊಳ್ಳುತ್ತದೆ. ಹೋಳಿಗೆ ಸಾರಿಗೆ ಬೇಕಾದ ಕಟ್ಟು, ಅಂದರೆ ಬೇಳೆ ಬೆಂದ ನೀರನ್ನು ಬಸಿಯಲು ತೆರೆದ ಪಾತ್ರೆಯೇ ಅನುಕೂಲವಾದ್ದರಿಂದ ಎಷ್ಟೋ ಮನೆಗಳು ಈ ತೊಂದರೆಯಿಂದ ತಾವಾಗಿಯೇ ತಪ್ಪಿಸಿಕೊಂಡವು.

1965ರಲ್ಲಿ ಕಲ್ಕತ್ತಾದಲ್ಲಿ ಇಂಡೇನ್ ಹೆಸರಿನ ಅಡುಗೆ ಅನಿಲ ಮಾರಾಟಕ್ಕೆ ಬಂದಿತು; ಅದು ಕ್ರಮೇಣ ಕರ್ನಾಟಕದ ಮನೆಗಳಿಗೂ ತಲುಪಿ, ನೆಲದಲ್ಲಿದ್ದ ಬೆಂಕಿಯನ್ನು ಸೊಂಟದೆತ್ತರದ ಕಟ್ಟೆಗೆ ಏರಿಸಿತು. ಅಂಬೆಗಾಲಿಡುವ ಮಗು ಉರಿಯಿಂದ ದೂರವಾಯಿತು. ಈ ಅನಿಲಕ್ಕೆ ತನ್ನದೇ ವಾಸನೆಯಿಲ್ಲದ ಕಾರಣ ಸೋರಿಕೆ ತಿಳಿಯಲೆಂದು ಮರ್ಕ್ಯಾಪ್ಟನ್ ಎಂಬ ಘಾಟಿನ ವಸ್ತುವನ್ನು ಬೆರೆಸಲಾಗುತ್ತದೆ. ಗಾಳಿಗಿಂತ ಭಾರವಾದ್ದರಿಂದ ಅದು ಸೋರಿದರೆ ನೆಲದಲ್ಲಿ ಹರಡುತ್ತದೆ. ದೇವರ ಗೂಡು ಅಡುಗೆಮನೆಯಲ್ಲೇ ಇರುವ ಮನೆಗಳಲ್ಲಿ ಹಬ್ಬದ ದೀಪ ಉರಿಯುವುದೂ ನೆಲದ ಹತ್ತಿರವೇ. ಕಟ್ಟಿಗೆಯ ಕಾಲದಲ್ಲಿ ನಿರುಪದ್ರವಿಯಾಗಿದ್ದ ನಂದಾದೀಪ, 14.2 ಕಿಲೋ ಸಿಲಿಂಡರಿನ ನೆರೆಯಲ್ಲಿ ಹಾಗೆ ಉಳಿಯಲಿಲ್ಲ.

ಇತ್ತೀಚಿನ ದಶಕಗಳಲ್ಲಿ ಬೆಂಗಳೂರು, ಮೈಸೂರುಗಳ ಕುಟುಂಬಗಳು ಹೋಳಿಗೆ, ಚಕ್ಕುಲಿಗಳನ್ನು ಅಂಗಡಿಯಿಂದ ತರುವುದು ಹೆಚ್ಚಿದೆ. ಹಬ್ಬದ ಹಿಂದಿನ ರಾತ್ರಿಯೆಲ್ಲ 19 ಕಿಲೋ ಸಿಲಿಂಡರಿನ ದೊಡ್ಡ ಉರಿಯ ಮುಂದೆ ನಿಂತು ಬಾಣಲೆಯ ಬಿಸಿ ಸಹಿಸುವವರು ಈಗ ಆ ಮನೆಗಳ ಹೆಂಗಸರಲ್ಲ, ಕೂಲಿಗೆ ಬಂದ ಅಡುಗೆಯವರು. ಅವರ ಸುಟ್ಟಗಾಯಗಳು ಯಾವ ಮನೆಯ ನೆನಪಿನಲ್ಲೂ ದಾಖಲಾಗುವುದಿಲ್ಲ.