ಕರಾವಳಿಯ ಮಾಡು: ಮುಳಿಹುಲ್ಲಿನಿಂದ ಮಂಗಳೂರು ಹಂಚಿನವರೆಗೆ

2018ರ ಜೂನ್ ತಿಂಗಳ ಒಂದು ರಾತ್ರಿ ನಮ್ಮ ಮನೆಯ ಹೊಸ ಭಾಗದ ಸ್ಲ್ಯಾಬಿನಿಂದ ತಟ್ಟೆಯಗಲದ ಕಾಂಕ್ರೀಟು ತುಂಡೊಂದು ಕಳಚಿ ಅಣ್ಣನ ಮಗಳು ಓದುವ ಮೇಜಿನ ಮೇಲೆ ಬಿತ್ತು. ಆಕೆ ಆಗ ತಾನೇ ಊಟಕ್ಕೆಂದು ಎದ್ದು ಹೋಗಿದ್ದಳು. ಗಣಿತದ ಪುಸ್ತಕದ ಮೇಲೆ ಸಿಮೆಂಟಿನ ಪುಡಿ, ಮೇಲೆ ನೋಡಿದರೆ ತುಕ್ಕು ಹಿಡಿದು ಸಿಪ್ಪೆ ಸಿಪ್ಪೆಯಾಗಿ ಎದ್ದ ಕಬ್ಬಿಣದ ಸರಳು. ಆ ಸ್ಲ್ಯಾಬು ಹಾಕಿದ್ದು 1994ರಲ್ಲಿ. ಅದಕ್ಕೆ ಅಂಟಿಕೊಂಡೇ ಇರುವ ಹಳೆಯ ಮನೆಯನ್ನು ಅಜ್ಜನ ತಂದೆ ಕಟ್ಟಿಸಿದ್ದು 1911ರ ಸುಮಾರಿಗೆ. ಅದರ ಹಂಚಿನ ಮಾಡಿನಿಂದ ಅಂದು ರಾತ್ರಿ ಒಂದು ಹನಿ ನೀರೂ ಕೆಳಗಿಳಿದಿರಲಿಲ್ಲ.

ಇಪ್ಪತ್ತನಾಲ್ಕು ವರ್ಷದ ಮಾಡು ಸೋತಿತು, ನೂರು ದಾಟಿದ ಮಾಡು ನಿಂತಿತು. ಯಾಕೆ ಹೀಗೆ ಎಂದು ಕೇಳುತ್ತಾ ಹೋದಾಗ ನನಗೆ ಸಿಕ್ಕಿದ್ದು ಒಂದು ಮನೆಯ ಕಥೆಯಲ್ಲ, ನಮ್ಮ ಇಡೀ ಕರಾವಳಿಯ ಕಥೆ. ಅದರಲ್ಲಿ ಸ್ವಲ್ಪವನ್ನು ಇಲ್ಲಿ ನಮ್ಮ ವಿದ್ಯಾರ್ಥಿಗಳ ಮುಂದಿಡುತ್ತಿದ್ದೇನೆ.

ಮಂಗಳೂರಿನ ಸುತ್ತ ವರ್ಷಕ್ಕೆ ಸುಮಾರು 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಮಳೆಯ ಜೊತೆಗೆ ಪಡುವಣ ಗಾಳಿ, ಗಾಳಿಯ ಜೊತೆಗೆ ಉಪ್ಪು. ಇಂಥ ನೆಲದಲ್ಲಿ ಮನೆ ಎಂದರೆ ಮೊದಲು ಮಾಡು, ಆಮೇಲೆ ಗೋಡೆ. ಹಿಂದಿನವರ ಮನೆಗಳಲ್ಲಿ ಮಾಡು ಗೋಡೆಯನ್ನು ದಾಟಿ ಎರಡು ಮೂರು ಅಡಿ ಹೊರಗೆ ಚಾಚಿ ಕೆಳಗಿಳಿಯುತ್ತಿತ್ತು. ಮಣ್ಣಿನ ಗೋಡೆಗೆ ನೀರು ಬಡಿಯದಂತೆ ಕಾಯುವುದು ಅದರ ಕೆಲಸ. ಅದೂ ಸಾಲದೆಂದು ಮಳೆಗಾಲಕ್ಕೆ ಮಡಲಿನ ತಟ್ಟಿ ಕಟ್ಟುತ್ತಿದ್ದರು.

ಆ ಮಾಡು ಬಹುತೇಕ ಎಲ್ಲರಿಗೂ ಹುಲ್ಲಿನದೇ. ಗುಡ್ಡದ ಮುಳಿಹುಲ್ಲು, ಗದ್ದೆಯ ಬೈಹುಲ್ಲು, ಕಡಲ ಬದಿಯಲ್ಲಾದರೆ ಹೆಣೆದ ತೆಂಗಿನ ಮಡಲು. ತಂಪಿಗೆ ಅದನ್ನು ಮೀರಿಸಿದ್ದಿಲ್ಲ ಎಂದು ನನ್ನ ಉಮ್ಮ ಈಗಲೂ ಹೇಳುತ್ತಾರೆ. ಆದರೆ ಅದನ್ನು ವರ್ಷ ವರ್ಷವೂ ಮಳೆಗೆ ಮುಂಚೆ ಹೊಸದಾಗಿ ಹೊದಿಸಬೇಕು. ಹುಲ್ಲು ತರಲು ಆಳು, ಕಟ್ಟಲು ಆಳು, ಅಷ್ಟೂ ದಿನ ಕೂಲಿ ಬಿಡಬೇಕು. ಮನೆಯ ಗಂಡಸು ಹಡಗಿನಲ್ಲೋ ಘಟ್ಟದಲ್ಲೋ ದುಡಿಯುತ್ತಿದ್ದರೆ ಹೆಂಗಸರ ಪಾಡು ಕೇಳುವುದೇ ಬೇಡ. ಇನ್ನು ಬೆಂಕಿ. ಒಂದು ಒಲೆಯ ಕಿಡಿ ಸಾಕಿತ್ತು, ಕೇರಿಯೇ ಉರಿದುಹೋಗಲು.

ಹಂಚು ಆಗಲೂ ಇರಲಿಲ್ಲವೆಂದಲ್ಲ. ಕುಂಬಾರರು ತಿಗರಿಯಲ್ಲಿ ಮಾಡುತ್ತಿದ್ದ ಅರೆದುಂಡಗಿನ ನಾಡಹಂಚು ಇತ್ತು. ಅದು ಸುಲಭಕ್ಕೆ ಸಿಗುವ ವಸ್ತುವಾಗಿರಲಿಲ್ಲ. ನೆರೆಯ ಮಲಬಾರಿನಲ್ಲಿ ಹಂಚು ಹೊದಿಸುವುದು ಅರಮನೆ, ದೇವಾಲಯ, ಮಸೀದಿಗಳಿಗೆ ಸಲ್ಲುವ ಗೌರವವಾಗಿತ್ತು. ಉಳಿದವರು ಅರಸರ ಅಪ್ಪಣೆ ಪಡೆಯಬೇಕಿತ್ತು. ಕರಾವಳಿಯ ಹಳೆಯ ಮಸೀದಿಗಳನ್ನು ನೋಡಿ: ಗುಮ್ಮಟವಿಲ್ಲ, ಮಿನಾರವಿಲ್ಲ. ಒಂದರ ಮೇಲೊಂದು ಇಳಿಜಾರು ಮಾಡು, ಒಳಗೆ ಮರದ ಕೆತ್ತನೆ. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯ ತೇಗದ ಕಂಬಗಳನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಕಲ್ಲಿಕೋಟೆಯ ಮಿಶ್ಕಾಲ್ ಮಸೀದಿ ಹೀಗೆಯೇ ಅಂತಸ್ತು ಅಂತಸ್ತಾಗಿ ಮರದಿಂದ ಎದ್ದದ್ದು; 1510ರಲ್ಲಿ ಪೋರ್ಚುಗೀಸರು ಅದಕ್ಕೆ ಬೆಂಕಿಯಿಟ್ಟರು. ಧರ್ಮ ಅರೇಬಿಯಾದಿಂದ ಕಡಲು ದಾಟಿ ಬಂತು. ಆದರೆ ಮಾಡು ಮಾತ್ರ ಇಲ್ಲಿನ ಮಳೆಯ ಮಾತು ಕೇಳಿತು.

ಮೊರೊಕ್ಕೋದ ಪ್ರವಾಸಿ ಇಬ್ನ್ ಬತೂತ 14ನೇ ಶತಮಾನದ ನಡುವಿನಲ್ಲಿ ಈ ತೀರದಲ್ಲಿ ಓಡಾಡಿದ. ಮಂಗಳೂರಿನಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರಿದ್ದಾರೆಂದೂ ಹೊನ್ನಾವರದಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳಿವೆಯೆಂದೂ ಬರೆದಿಟ್ಟಿದ್ದಾನೆ. ವಿಷಯಾಂತರವಾದರೂ ಈ ಲೆಕ್ಕವನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ. ಹೆಣ್ಣುಮಕ್ಕಳ ಹದಿಮೂರು ಶಾಲೆಗಳು!

ಈಗ 1865ಕ್ಕೆ ಬರೋಣ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಕಾಲಿಟ್ಟದ್ದು 1834ರಲ್ಲಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟದ್ದು, 1894ರಲ್ಲಿ ಕಿಟ್ಟೆಲರ ನಿಘಂಟು ಅಚ್ಚಾದದ್ದು ಇವರಿಂದಲೇ ಎಂಬುದು ವಿದ್ಯಾರ್ಥಿಗಳಿಗೆ ಗೊತ್ತಿರುವ ಸಂಗತಿ. ಅವರಿಗೊಂದು ತೊಡಕಿತ್ತು. ಮತಾಂತರವಾದವರು ಜಾತಿಯಿಂದ ಹೊರಬಿದ್ದು ಕುಲಕಸುಬನ್ನೂ ನೆಲವನ್ನೂ ಕಳೆದುಕೊಳ್ಳುತ್ತಿದ್ದರು. ಅವರಿಗೆ ಅನ್ನದ ದಾರಿ ತೋರಿಸಬೇಕಿತ್ತು. ಹಲವು ಕಸುಬುಗಳನ್ನು ಹೂಡಿ ನೋಡಿದರು. ಕೈಗೆ ಹತ್ತಿದ್ದು ಎರಡು: ನೇಯ್ಗೆ ಮತ್ತು ಹಂಚು.

ಹಂಚಿನ ಹಿಂದಿದ್ದವನು ಜಾರ್ಜ್ ಪ್ಲೆಬ್ಸ್ಟ್. ಮಿಷನ್ನಿನ ಮುದ್ರಣಾಲಯಕ್ಕೆಂದು ಬಂದ ಯಂತ್ರಜ್ಞಾನಿ. ನೇತ್ರಾವತಿ ಮತ್ತು ಗುರುಪುರ ನದಿಗಳು ತಂದು ಹಾಕುವ ಜೇಡಿಮಣ್ಣನ್ನು ಪರೀಕ್ಷಿಸಿ ಇದು ಹಂಚಿಗೆ ಹೇಳಿಸಿದ ಮಣ್ಣು ಎಂದು ಕಂಡುಕೊಂಡ. 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾಯಿತು. ಮೊದಲಿಗೆ ಮಣ್ಣು ಹದಮಾಡುವ ಗಾಣವನ್ನು ಎತ್ತುಗಳು ತಿರುಗಿಸುತ್ತಿದ್ದವು, ಹಬೆಯಂತ್ರ ಬಂದದ್ದು ಆಮೇಲೆ.

ಮಾದರಿ ಪ್ಲೆಬ್ಸ್ಟನದೇ ಅಲ್ಲ. ಫ್ರಾನ್ಸಿನ ಆಲ್ಸೇಸ್ ಪ್ರಾಂತದ ಗಿಲಾರ್ಡೋನಿ ಸಹೋದರರು 1841ರಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚಿಗೆ ಹಕ್ಕುಪತ್ರ ಪಡೆದಿದ್ದರು. ಆ ಕಚ್ಚುವಿಕೆಯಲ್ಲೇ ಎಲ್ಲ ಗುಟ್ಟಿದೆ. ನಾಡಹಂಚನ್ನು ಒಂದರ ಮೇಲೊಂದು ಸುಮ್ಮನೆ ಒರಗಿಸಿಡುವುದು. ಬೆಕ್ಕು ಓಡಿದರೂ ಜಾರುತ್ತದೆ, ವರ್ಷಕ್ಕೊಮ್ಮೆ ಎಲ್ಲವನ್ನೂ ಎತ್ತಿ ಮತ್ತೆ ಜೋಡಿಸಬೇಕು. ಹೊಸ ಹಂಚಿಗೆ ಒಂದು ಬದಿಯಲ್ಲಿ ಕಾಲುವೆ, ಇನ್ನೊಂದು ಬದಿಯಲ್ಲಿ ಅದಕ್ಕೆ ಕೂರುವ ಏಣು. ಅಡಿಯಲ್ಲಿ ರೀಪಿಗೆ ಸಿಕ್ಕಿಕೊಳ್ಳುವ ಮೂಗು. ಸಂದಿಗೆ ನುಗ್ಗಿದ ನೀರು ಕಾಲುವೆಯಲ್ಲೇ ಹರಿದು ಕೆಳಗಿನ ಹಂಚಿನ ಬೆನ್ನಿಗೆ ಬೀಳುತ್ತದೆ. ಒಂದೇ ಪದರ ಸಾಕಾದ್ದರಿಂದ ಮರದ ಮೇಲಿನ ಭಾರವೂ ಕಡಿಮೆ. ನೂರು ಚದರ ಅಡಿಗೆ ಸುಮಾರು 150 ಹಂಚು, ಒಂದೊಂದೂ ಎರಡೂವರೆ ಕಿಲೋ ಆಸುಪಾಸು. ಇಷ್ಟೇ ವಿದ್ಯೆ. ಆದರೆ ಅಚ್ಚಿನಲ್ಲಿ ಒತ್ತಿದ್ದರಿಂದ ಪ್ರತಿಯೊಂದು ಹಂಚೂ ಒಂದೇ ಅಳತೆ. ಕುಂಬಾರನ ಕೈಯಲ್ಲಿ ಅದು ಸಾಧ್ಯವಿರಲಿಲ್ಲ. ನಾಡಹಂಚಿನ ಕುಂಬಾರನ ಗತಿ ಏನಾಯಿತೆಂಬುದನ್ನು ನಮ್ಮ ಚರಿತ್ರೆಯ ಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ.

1868ರಲ್ಲಿ ಪಾಸ್ಕಲ್ ಆಲ್ಬುಕರ್ಕ್ ಅವರ ಕಾರ್ಖಾನೆ ಬಂತು. ಆಮೇಲೆ ಒಂದರ ಹಿಂದೊಂದು. ಮಿಷನ್ನೇ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಫರೋಕ್, ಪಾಲ್ಘಾಟ್‌ಗಳಿಗೆ ಹರಡಿತು. ಮದ್ರಾಸು ಸರ್ಕಾರ ತನ್ನ ಕಟ್ಟಡಗಳಿಗೆ ಈ ಹಂಚನ್ನೇ ಆರಿಸಿಕೊಂಡಿತು. ಮಣ್ಣು ದೋಣಿಯಲ್ಲಿ ಬರುತ್ತಿತ್ತು, ಸೌದೆ ಘಟ್ಟದ ಕಡೆಯಿಂದ ಇಳಿಯುತ್ತಿತ್ತು, ಸುಟ್ಟ ಹಂಚು ಬಂದರಿನಿಂದ ಮಂಜಿ ಹತ್ತುತ್ತಿತ್ತು. ಮುಂಬಯಿ, ಸಿಲೋನ್, ಬರ್ಮಾ, ಏಡನ್, ಬಸ್ರಾ, ಪೂರ್ವ ಆಫ್ರಿಕಾ. ಬಂದರಿನ ಬ್ಯಾರಿಗಳಲ್ಲಿ ಎಷ್ಟೋ ಮನೆಗಳ ಅನ್ನ ಈ ಸರಕಿನ ಹೇರಿಕೆ ಇಳಿಕೆಯಲ್ಲಿತ್ತು. ನಮ್ಮ ಅಜ್ಜನ ತಂದೆಯೂ ಮಂಜಿಯಲ್ಲಿ ದುಡಿದವರೇ. ಬೇರೆಯವರ ಮನೆಗೆ ಹಂಚು ಹೊತ್ತು ಹೊತ್ತು ಕೊನೆಗೆ ತನ್ನದಕ್ಕೂ ಹೊದಿಸಿದರು ಎಂದು ಮನೆಯಲ್ಲಿ ಹೇಳುವ ಮಾತು. ಊರಲ್ಲಿ ಅದಕ್ಕೆ ‘ಓಡಿನ ಮನೆ’ ಎಂಬ ಹೆಸರೇ ಬಿದ್ದಿತ್ತಂತೆ, ಸುತ್ತ ಎಲ್ಲವೂ ಹುಲ್ಲಿನವೇ ಆಗಿದ್ದರಿಂದ.

ಮೊದಲ ಮಹಾಯುದ್ಧ ಮಿಷನ್ನಿನ ಉದ್ಯಮವನ್ನು ಮುಗಿಸಿತು. ಅದರಲ್ಲಿ ಜರ್ಮನರು ಹೆಚ್ಚಿದ್ದುದರಿಂದ ಬ್ರಿಟಿಷ್ ಸರ್ಕಾರ ಆಸ್ತಿಯನ್ನು ವಶಪಡಿಸಿಕೊಂಡಿತು. ಯುದ್ಧಾನಂತರ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಹಂಚು ಮಾತ್ರ ನಿಲ್ಲಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಶಾಲೆ, ಮದ್ರಸ, ರೈಲು ನಿಲ್ದಾಣ, ಗೋದಾಮು, ಎಲ್ಲಕ್ಕೂ ಅದೇ.

ಅದನ್ನು ಇಳಿಸಿದ್ದು ಕೊಲ್ಲಿಯ ಹಣ. 1970ರ ದಶಕದಿಂದ ನಮ್ಮ ಹುಡುಗರು ದುಬೈ, ದಮ್ಮಾಮ್, ಕುವೈತ್ ಸೇರಿದರು. ಅಲ್ಲಿ ಕಂಡದ್ದು ಚಪ್ಪಟೆ ತಾರಸಿಯ ಮನೆ. ಮಳೆಯೇ ಅಪರೂಪವಾದ ನಾಡಿಗೆ ಅದು ಸರಿ. ಊರಿಗೆ ಬಂದು ಅದನ್ನೇ ಕಟ್ಟಿಸಿದರು. ತಾರಸಿ ಮನೆಯೆಂದರೆ ಗೆದ್ದು ಬಂದವನ ಗುರುತಾಯಿತು. ಅದನ್ನು ಹಳಿಯುವ ಹಕ್ಕು ನನಗಿಲ್ಲ, ಅದೇ ಹಣದಿಂದ ನಾನು ಕಾಲೇಜು ಓದಿದೆ. 1994ರಲ್ಲಿ ಅಣ್ಣ ಹಳೆಯ ಮನೆಗೆ ಎರಡು ಕೋಣೆ ಸೇರಿಸಿ ಸ್ಲ್ಯಾಬು ಹಾಕಿಸಿದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನೂ ನಾನೇ.

ಆ ಸ್ಲ್ಯಾಬು ಯಾಕೆ ಬಿತ್ತು? ಬಂದು ನೋಡಿದ ಎಂಜಿನಿಯರು ಹೇಳಿದ್ದು ಇಷ್ಟು. ಒಳ್ಳೆಯ ಕಾಂಕ್ರೀಟಿನ ಕ್ಷಾರಗುಣ ಒಳಗಿನ ಸರಳನ್ನು ತುಕ್ಕಿನಿಂದ ಕಾಯುತ್ತದೆ. ಉಪ್ಪಿನ ಕ್ಲೋರೈಡು ಸರಳನ್ನು ಮುಟ್ಟಿದರೆ ಆ ಕಾವಲು ಮುರಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಒಳಗಿನಿಂದ ಒತ್ತಿ ಕಾಂಕ್ರೀಟನ್ನು ಸೀಳುತ್ತದೆ. ಕಡಲ ಗಾಳಿ ಉಪ್ಪನ್ನು ಹೊರಗಿನಿಂದ ತರುತ್ತದೆ. ನಮ್ಮಲ್ಲಿ ಅದು ಒಳಗೇ ಇತ್ತು. ಗುತ್ತಿಗೆದಾರ ಅಳಿವೆಯ ಕಡೆಯ ಮರಳನ್ನು ತೊಳೆಯದೆ ಸುರಿದಿದ್ದ, ಸರಳಿನ ಕೆಳಗೆ ಅರ್ಧ ಅಂಗುಲ ಕಾಂಕ್ರೀಟೂ ಇರಲಿಲ್ಲ. 2000ದ ಭಾರತೀಯ ಮಾನಕ ಐಎಸ್ 456 ಕರಾವಳಿಯ ವಾತಾವರಣಕ್ಕೆ ತೆರೆದ ಕಾಂಕ್ರೀಟಿನಲ್ಲಿ ಸರಳಿಗೆ 45 ಮಿ.ಮೀ. ಹೊದಿಕೆ ಕೇಳುತ್ತದೆ. ಸರಿಯಾಗಿ ಮಾಡಿದ ಸ್ಲ್ಯಾಬು ಬಾಳುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ನಮ್ಮೂರಲ್ಲಿ ಮೂವತ್ತು ವರ್ಷದ ಹಿಂದೆ ಹಾಗೆ ಮಾಡಿಸಿದವರು ಎಷ್ಟು ಮಂದಿ? ಈಗ ತಾರಸಿಯ ಮೇಲೆ ತಗಡಿನ ಶೀಟು ಹೊದಿಸದ ಮನೆ ಕರಾವಳಿಯಲ್ಲಿ ಹುಡುಕಬೇಕು. ಮಾಡಿನ ಮೇಲೊಂದು ಮಾಡು!

ಸುಟ್ಟ ಮಣ್ಣಿನಲ್ಲಿ ತುಕ್ಕು ಹಿಡಿಯಲು ಏನೂ ಇಲ್ಲ. ಅರೆಬೆಂದ ಹಂಚನ್ನು ಉಪ್ಪು ಪದರು ಪದರಾಗಿ ಎಬ್ಬಿಸುತ್ತದೆ ನಿಜ. ಚೆನ್ನಾಗಿ ಬೆಂದದ್ದನ್ನು ಬೆರಳಿನಿಂದ ಬಡಿದರೆ ಕಂಚಿನ ಸದ್ದು ಬರಬೇಕು. ಹಂಚಿನ ಮಾಡಿನಲ್ಲಿ ಸೋಲುವುದು ಸಾಮಾನ್ಯವಾಗಿ ಮರ. ನಮ್ಮ ಹಳೆಯ ಭಾಗದಲ್ಲೂ ಪಕ್ಕಾಸುಗಳಲ್ಲಿ ಏಳು ಗೆದ್ದಲು ತಿಂದು ಟೊಳ್ಳಾಗಿದ್ದವು.

ಮನೆಯಲ್ಲಿ ವಾದ ನಡೆಯಿತು. ಎಲ್ಲ ಕೆಡವಿ ಹೊಸ ಸ್ಲ್ಯಾಬು ಹಾಕೋಣ, ನಾಳೆ ಮೇಲೆ ಮಹಡಿ ಕಟ್ಟಬಹುದು ಎಂದು ದಮ್ಮಾಮಿನಿಂದ ಅಣ್ಣ. ಅವನ ಮಾತಿನಲ್ಲೂ ನ್ಯಾಯವಿತ್ತು, ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಉಮ್ಮ ಫೋನಿನಲ್ಲಿ ಹೇಳಿದ್ದು ಇಷ್ಟೇ: “ಹಂಚು ಒಡೆದರೆ ನಿನ್ನ ತಮ್ಮ ಏಣಿ ಇಟ್ಟು ಬದಲಿಸುತ್ತಾನೆ. ಇದು ಒಡೆದರೆ ನೀನು ಅಲ್ಲಿಂದ ಬರಬೇಕು.” ಅಣ್ಣ ಒಂದು ವಾರ ಮಾತಾಡಲಿಲ್ಲ. ಆಮೇಲೆ ಹಣ ಕಳಿಸಿದ.

2019ರ ಫೆಬ್ರವರಿಯಲ್ಲಿ ಸ್ಲ್ಯಾಬು ಇಳಿಸಿದೆವು. ಹಳೆಯ ಭಾಗದ ಹಂಚನ್ನೂ ಒಂದೊಂದಾಗಿ ಇಳಿಸಿ ನೀರಲ್ಲಿ ತೊಳೆದಾಗ ಅಡಿಯಲ್ಲಿ ಬಾಸೆಲ್ ಮಿಷನ್ನಿನ ಹೆಸರೂ 1865 ಎಂಬ ಅಂಕಿಯೂ ಕಂಡವು. ನೋಡಲು ಬಂದವರೆಲ್ಲ ಹಂಚಿಗೆ ನೂರೈವತ್ತು ವರ್ಷವಾಯಿತೆಂದು ಬೆರಗಾದರು. ಅದು ಕಾರ್ಖಾನೆ ಹುಟ್ಟಿದ ವರ್ಷ, ಹಂಚು ಸುಟ್ಟ ವರ್ಷವಲ್ಲ ಎಂದು ಹೇಳಿ ಅವರ ಸಂತೋಷಕ್ಕೆ ನಾನೇ ನೀರೆರಚಿದೆ. ಇತಿಹಾಸದ ಮೇಷ್ಟ್ರ ದುರಭ್ಯಾಸ.

ಕಷ್ಟ ಬಂದದ್ದು ಹೊಸ ಭಾಗಕ್ಕೆ ಹಂಚು ಹುಡುಕುವಾಗ. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿವೆ. ಮಣ್ಣು, ಸೌದೆ, ಕೆಲಸಗಾರರು ಮೂರೂ ದುಬಾರಿ. ಗದ್ದೆಯ ಮಣ್ಣು ತೆಗೆಯುವುದಕ್ಕೂ ಈಗ ತಡೆಯಿದೆ. ಕೇರಳ 2008ರಲ್ಲಿ ಗದ್ದೆ ಮತ್ತು ಜೌಗುನೆಲದ ರಕ್ಷಣೆಗೆ ಕಾಯಿದೆಯನ್ನೇ ತಂದಿತು. ಅದು ತಪ್ಪೆನ್ನಲಾರೆ, ಹಂಚಿಗಾಗಿ ಅನ್ನದ ಗದ್ದೆ ಹೊಂಡವಾಗಬಾರದಲ್ಲ. ಕೊನೆಗೆ ಕೆಡವಿದ ಮನೆಗಳ ಹಂಚನ್ನು ಮೂರು ಕಡೆಯಿಂದ ಕೊಂಡೆವು. ತಂದು ಜೋಡಿಸಹೊರಟರೆ ಒಂದು ಕಾರ್ಖಾನೆಯ ಹಂಚು ಇನ್ನೊಂದರದಕ್ಕೆ ಕಚ್ಚುವುದಿಲ್ಲ. ಅಚ್ಚಿನಲ್ಲಿ ಕೂದಲೆಳೆ ವ್ಯತ್ಯಾಸ. ಮೇಸ್ತ್ರಿ ಎಲ್ಲವನ್ನೂ ಅಂಗಳದಲ್ಲಿ ಬೇರೆ ಬೇರೆ ಪೇರಿಸಿ, ಒಂದು ಇಳಿಜಾರಿಗೆ ಒಂದೇ ಹೆಸರಿನ ಹಂಚು ಎಂದು ಹಂಚಿಹಾಕಿದ. ಗೆದ್ದಲು ತಿಂದ ಪಕ್ಕಾಸುಗಳ ಜಾಗಕ್ಕೆ ಹಲಸಿನವು ಬಂದವು. ಅಂಚಿನ ಮೂರು ಸಾಲುಗಳನ್ನು ಹಂಚಿನಲ್ಲಿರುವ ತೂತಿಗೆ ತಂತಿ ಪೋಣಿಸಿ ರೀಪಿಗೆ ಬಿಗಿದೆವು. ಗಾಳಿ ಮಾಡನ್ನು ಎತ್ತುವುದು ಅಂಚಿನಿಂದಲೇ.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದು ಉಳ್ಳಾಲ, ಸೋಮೇಶ್ವರದ ದಂಡೆಯನ್ನು ಕೊರೆದಾಗ ನಮ್ಮಲ್ಲಿ ಹಾರಿದ್ದು ಹನ್ನೊಂದು ಹಂಚು, ಎಲ್ಲವೂ ತಂತಿ ಕಟ್ಟದ ಅಡುಗೆಮನೆಯ ಕಡೆಯವು. ಮರುದಿನ ಬೆಳಿಗ್ಗೆ ಏಣಿ ಇಟ್ಟು ನಾನೇ ಬದಲಿಸಿದೆ. ಕೆಳಗೆ ನಿಂತು ಹಂಚು ಎತ್ತಿಕೊಟ್ಟವಳು ಅಣ್ಣನ ಮಗಳು. ಅವಳ ಮೇಜು ಈಗಲೂ ಅದೇ ಕೋಣೆಯಲ್ಲಿದೆ, ಗಾಜಿನ ಹಂಚಿನಿಂದ ಬೆಳಕು ಬೀಳುವ ಜಾಗಕ್ಕೆ ಸರಿಸಿಕೊಂಡಿದ್ದಾಳೆ.